ಟೀಮ್ ಲೀಡ್ ಆದಿರಿ, ಸರಿ. ಸೋಮವಾರದಿಂದ ಏನು ಮಾಡಬೇಕು?

ಏಪ್ರಿಲ್, ಮೇ ಬಂತೆಂದರೆ ಕಂಪನಿಗಳಲ್ಲಿ ವರ್ಷದ ಕೆಲಸ ಅಳೆಯುವ ಅಪ್ರೈಸಲ್ ಪತ್ರಗಳ ಕಾಲ. ಹೈಕ್ (ಸಂಬಳ ಏರಿಕೆ) ಎಷ್ಟು ಎಂಬ ಸಾಲಿನ ಜೊತೆಗೆ ಕೆಲವರಿಗೆ ಹೊಸ ಹುದ್ದೆಯ ಹೆಸರೂ ಇರುತ್ತದೆ: ಟೀಮ್ ಲೀಡ್, ಅಸಿಸ್ಟೆಂಟ್ ಮ್ಯಾನೇಜರ್, ಲೈನ್ ಸೂಪರ್‌ವೈಸರ್. ಮನೆಯಲ್ಲಿ ಸಿಹಿ ಹಂಚಿ, ಲಿಂಕ್ಡ್‌ಇನ್‌ನಲ್ಲಿ ಹಾಕಿ, ಸೋಮವಾರ ಆಫೀಸಿಗೆ ಹೋದರೆ ಅದೇ ಕುರ್ಚಿ, ಅದೇ ಲ್ಯಾಪ್‌ಟಾಪ್. ಮೊನ್ನೆಯವರೆಗೆ ಜೊತೆಗೆ ಕೂತು ಬಾಸ್‌ನನ್ನು ಬೈಯುತ್ತಿದ್ದ ಆರೇಳು ಜನ ಮಾತ್ರ ಮಾತು ಅಳೆದು ಆಡತೊಡಗಿರುತ್ತಾರೆ. ಅವರ ಬಾಸ್ ಈಗ ನೀವೇ.

ಕೋಡ್ ಬರೆಯುವುದಕ್ಕೆ, ಲೆಕ್ಕ ಇಡುವುದಕ್ಕೆ, ಯಂತ್ರ ನಡೆಸುವುದಕ್ಕೆ ವರ್ಷಗಟ್ಟಲೆ ಕಲಿತಿರುತ್ತೇವೆ. ಜನರನ್ನು ನಡೆಸುವುದಕ್ಕೆ ಬಹಳ ಕಡೆ ಸಿಗುವುದು ಒಂದು ಸಣ್ಣ ಕಾರ್ಯಾಗಾರ, ಒಂದು ಪ್ರಮಾಣಪತ್ರ. ಉಳಿದದ್ದನ್ನು ತಂಡದ ಮೇಲೆಯೇ ಪ್ರಯೋಗ ಮಾಡಿ ಕಲಿಯಬೇಕು. ಆ ಪ್ರಯೋಗದಲ್ಲಿ ಪೆಟ್ಟು ತಿನ್ನುವವರು ತಂಡದವರಾದ್ದರಿಂದ, ಈ ಕೆಲಸದ ಒಳಗೆ ಏನೇನಿದೆ ಎಂಬುದನ್ನು ಬುಡದಿಂದ ನೋಡೋಣ.

ಹುದ್ದೆಯ ಜೊತೆ ಕೆಲಸವೂ ಬದಲಾಗಿದೆ

ಮ್ಯಾನೇಜರ್ ಎಂದರೆ ಯಾರು? ತನ್ನ ಕೆಲಸದ ಫಲಿತಾಂಶ ಬೇರೆಯವರ ಕೈಯಿಂದ ಬರುವ ಮನುಷ್ಯ. ನಿನ್ನೆಯವರೆಗೆ ನೀವು ಎಷ್ಟು ಚೆನ್ನಾಗಿ ಮಾಡಿದಿರಿ ಎಂಬುದು ಲೆಕ್ಕಕ್ಕೆ ಬರುತ್ತಿತ್ತು. ಇಂದಿನಿಂದ ನಿಮ್ಮ ತಂಡ ಎಷ್ಟು ಚೆನ್ನಾಗಿ ಮಾಡಿತು ಎಂಬುದು ಲೆಕ್ಕ. ಕೇಳುವಾಗ ಇದು ಸರಳ. ನಡೆಯುವಾಗ ಕೈ ಹಳೆಯ ಕೆಲಸದ ಕಡೆಗೇ ಓಡುತ್ತದೆ, ಏಕೆಂದರೆ ಅದು ಗೊತ್ತಿರುವ ಕೆಲಸ, ಮುಗಿಸಿದಾಗ ತೃಪ್ತಿ ಕೊಡುವ ಕೆಲಸ.

ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಮುಖ್ಯ ಭಟ್ಟರಿಗಿಂತ ಚೆನ್ನಾಗಿ ತರಕಾರಿ ಹೆಚ್ಚುವವರು ಅಲ್ಲಿ ಇರಲಾರರು. ಆದರೂ ಅವರು ಈಳಿಗೆಮಣೆಯ ಮುಂದೆ ಕೂರುವುದಿಲ್ಲ. ಒಲೆಯಿಂದ ಒಲೆಗೆ ಓಡಾಡುತ್ತಾ, ಇಲ್ಲಿ ಸೌದೆ ಹಿಂದಕ್ಕೆ ಎಳೆ, ಅಲ್ಲಿ ಉಪ್ಪು ನೋಡು, ಎರಡನೇ ಪಂಕ್ತಿಗೆ ಅನ್ನ ಸಾಲುವುದಿಲ್ಲ ಎನ್ನುತ್ತಾ ಇರುತ್ತಾರೆ. ಅವರೇ ಬೀನ್ಸ್ ಹೆಚ್ಚಲು ಕೂತರೆ ಪಲ್ಯ ಸೊಗಸಾಗಿರುತ್ತದೆ, ಸಾರು ತಳ ಹಿಡಿದಿರುತ್ತದೆ.

ಹಾಗಾದರೆ ಮ್ಯಾನೇಜರ್ ಇಲ್ಲದೆಯೇ ಒಳ್ಳೆಯ ಕೆಲಸಗಾರರು ಕೆಲಸ ಮಾಡಿಕೊಂಡು ಹೋಗಲಾರರೇ? ಈ ಪ್ರಶ್ನೆಯನ್ನು ಗೂಗಲ್ ಕಂಪನಿ ನಿಜವಾಗಿಯೂ ಪರೀಕ್ಷಿಸಿ ನೋಡಿತ್ತು. 2002ರಲ್ಲಿ ಅದರ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ ಎಂಜಿನಿಯರಿಂಗ್ ಮ್ಯಾನೇಜರ್‌ಗಳೇ ಬೇಡವೆಂದು ಆ ಹಂತವನ್ನೇ ತೆಗೆದುಹಾಕಿದರು. ಪ್ರಯೋಗ ಕೆಲವೇ ತಿಂಗಳು ನಡೆಯಿತು. ಖರ್ಚಿನ ಬಿಲ್ಲು, ಸಹೋದ್ಯೋಗಿಗಳ ಜಗಳ, ಇಂಥವನ್ನೆಲ್ಲ ಹಿಡಿದು ಜನ ನೇರವಾಗಿ ಪೇಜ್ ಬಳಿಗೇ ಬರತೊಡಗಿದರು. ಮ್ಯಾನೇಜರ್‌ಗಳು ವಾಪಸ್ ಬಂದರು.

ಕಂಪನಿಯೊಳಗೆ ಅನುಮಾನ ಮಾತ್ರ ಉಳಿದೇ ಇತ್ತು. 2008ರ ಹೊತ್ತಿಗೆ ಅಲ್ಲಿ 'ಪ್ರಾಜೆಕ್ಟ್ ಆಕ್ಸಿಜನ್' ಎಂಬ ಅಧ್ಯಯನ ಶುರುವಾಯಿತು: ಮ್ಯಾನೇಜರ್ ಒಳ್ಳೆಯವರಾಗಿದ್ದರೆ ಏನಾದರೂ ವ್ಯತ್ಯಾಸ ಆಗುತ್ತದೆಯೇ? ಆಗುತ್ತದೆ ಎಂದು ಕಂಡುಬಂತು. ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಸಾಮಾನ್ಯವಾಗಿದ್ದ ಎಂಟು ಗುಣಗಳ ಪಟ್ಟಿಯೂ ತಯಾರಾಯಿತು. ಮೊದಲನೆಯದು, ತಂಡದವರಿಗೆ ಒಳ್ಳೆಯ ತರಬೇತುದಾರನಾಗಿರುವುದು. ಎರಡನೆಯದು, ಅವರ ಕೈಗೆ ಕೆಲಸ ಕೊಟ್ಟು ತಲೆಯ ಮೇಲೆ ಕೂರದಿರುವುದು. ತಾಂತ್ರಿಕ ಜ್ಞಾನ ಪಟ್ಟಿಯ ಕೊನೆಯಲ್ಲಿತ್ತು. ಪಟ್ಟಿಯಲ್ಲಿ ಇತ್ತು ಎಂಬುದನ್ನೂ ಗಮನಿಸಬೇಕು, ಕೆಲಸದ ಗಂಧವೇ ಇಲ್ಲದವರು ತಂಡ ನಡೆಸಬಹುದು ಎಂದು ಅದರ ಅರ್ಥವಲ್ಲ. ಆದರೆ ಯಾವ ಗುಣಕ್ಕಾಗಿ ನಿಮಗೆ ಬಡ್ತಿ ಸಿಕ್ಕಿತೋ ಆ ಗುಣ ಹೊಸ ಹುದ್ದೆಯಲ್ಲಿ ಎಂಟರಲ್ಲಿ ಒಂದು, ಅದೂ ಕೊನೆಯದು.

ಒನ್ ಆನ್ ಒನ್: ತಿಂಗಳಿಗೆರಡು ಸಲ, ಅರ್ಧ ಗಂಟೆ

ಹೊಸ ಲೀಡ್ ಒಂದೇ ಒಂದು ಅಭ್ಯಾಸ ಮಾಡಿಕೊಳ್ಳಬಹುದು ಎಂದಾದರೆ ಅದು ಇದೇ ಇರಲಿ. ಒನ್ ಆನ್ ಒನ್ ಎಂದರೆ ತಂಡದ ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ, ನಿಗದಿತ ಹೊತ್ತಿಗೆ, ಇಬ್ಬರೇ ಕೂತು ಆಡುವ ಮಾತು. ವಾರಕ್ಕೊಮ್ಮೆ ಆದರೆ ಒಳ್ಳೆಯದು, ಹದಿನೈದು ದಿನಕ್ಕೊಮ್ಮೆ ಆದರೂ ಸಾಕು. ಎಂಟು ಜನರ ತಂಡಕ್ಕೆ ಅರ್ಧ ಗಂಟೆಯಂತೆ ಒಂದು ಸುತ್ತಿಗೆ ನಾಲ್ಕು ಗಂಟೆ ಬೇಕು. ಎರಡು ವಾರದಲ್ಲಿ ನಾಲ್ಕು ಗಂಟೆ ಸಿಗುವುದೇ ಇಲ್ಲ ಎನ್ನುವ ಲೀಡ್ ಈಳಿಗೆಮಣೆಯ ಮುಂದೆ ಕೂತಿದ್ದಾರೆ ಎಂದೇ ಲೆಕ್ಕ.

ಇದು ಸ್ಟೇಟಸ್ ಮೀಟಿಂಗ್ ಅಲ್ಲ. ಯಾವ ಕೆಲಸ ಎಲ್ಲಿಗೆ ಬಂತು ಎಂಬುದು ತಂಡವೆಲ್ಲ ಸೇರುವ ಬೆಳಗಿನ ಚಿಕ್ಕ ಸಭೆ ಸ್ಟ್ಯಾಂಡ್‌ಅಪ್‌ನಲ್ಲೋ ಎಕ್ಸೆಲ್ ಹಾಳೆಯಲ್ಲೋ ಗೊತ್ತಾಗುತ್ತದೆ. ಇಲ್ಲಿ ಬರಬೇಕಾದದ್ದು ಆ ಹಾಳೆಯಲ್ಲಿ ಕಾಲಂ ಇಲ್ಲದ ಸಂಗತಿಗಳು: ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಯಾವ ಕೆಲಸ ಬೇಸರ ತಂದಿದೆ, ಏನು ಕಲಿಯಬೇಕು ಅನ್ನಿಸಿದೆ, ಮನೆಯ ಯಾವ ತೊಂದರೆ ಕೆಲಸದ ಮೇಲೆ ಬೀಳುತ್ತಿದೆ. ಹಾಗಾಗಿ ಮಾತಿನ ವಿಷಯ ಅವರದು, ಕೇಳುವ ಕಿವಿ ನಿಮ್ಮದು.

ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಎಂಬುದೂ ಗೊತ್ತಿರುವುದೇ.

"ಹೇಗಿದೆ ಕೆಲಸ?"
"ಚೆನ್ನಾಗಿದೆ ಸರ್."
"ಏನಾದ್ರೂ ಪ್ರಾಬ್ಲಮ್ಮು?"
"ಏನಿಲ್ಲ ಸರ್."

ಮುಗಿಯಿತು. ಇಬ್ಬರಿಗೂ ನಿರಾಳ. ಪ್ರಶ್ನೆಯಲ್ಲೇ ಉತ್ತರ ಇದ್ದುದರಿಂದ ಹೀಗಾಯಿತು. ಹೌದು, ಇಲ್ಲ ಎಂದು ಮುಗಿಸಲಾಗದ, ನಿರ್ದಿಷ್ಟವಾದ ಪ್ರಶ್ನೆ ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.

"ಹೋದ ವಾರ ಯಾವ ಕೆಲಸ ನೀವಂದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡೀತು?"
"ಆ ವೀಕ್ಲಿ ರಿಪೋರ್ಟು ಸರ್. ಡೇಟಾ ಟೀಮಿಂದ ಫೈಲ್ ಬರೋದೇ ಗುರುವಾರ ಸಂಜೆ. ಶುಕ್ರವಾರ ಹನ್ನೊಂದಕ್ಕೆ ಕ್ಲೈಂಟಿಗೆ ಹೋಗ್ಬೇಕು."
"ಎಷ್ಟು ದಿನದಿಂದ ಹೀಗಿದೆ?"
"ಮೊದಲಿಂದ್ಲೂ ಹೀಗೇ ಅಲ್ವಾ ಸರ್."

ಇಲ್ಲಿ ಮ್ಯಾನೇಜರ್‌ಗೆ ಒಂದು ಕೆಲಸ ಸಿಕ್ಕಿತು. ಡೇಟಾ ತಂಡದ ಲೀಡ್‌ಗೆ ಫೋನ್ ಮಾಡಿ ಫೈಲನ್ನು ಬುಧವಾರವೇ ಕಳಿಸಲು ಸಾಧ್ಯವೇ ಎಂದು ಕೇಳುವುದು. ಆ ಹುಡುಗ ಅದನ್ನು ಕೇಳಲಾರ, ಅವನಿಗೆ ಆ ತಂಡದಲ್ಲಿ ಯಾರೂ ಗೊತ್ತಿಲ್ಲ, ಕೇಳುವ ಅಧಿಕಾರವೂ ಇಲ್ಲ. ನಿಮಗೆ ಅದು ಐದು ನಿಮಿಷದ ಮಾತು. ಅವನಿಗೆ ಪ್ರತಿ ಗುರುವಾರದ ರಾತ್ರಿ. ತಂಡಕ್ಕೆ ಬೆಂಬಲ ಕೊಡಿ ಎನ್ನುವಾಗ ಹೇಳುವುದು ಬಹುಪಾಲು ಇಂಥದ್ದನ್ನೇ, ಬೆನ್ನು ತಟ್ಟುವುದನ್ನಲ್ಲ.

ಕೆಲವರು ಮೊದಲ ಮೂರ್ನಾಲ್ಕು ಸಲ ಏನೂ ಹೇಳುವುದಿಲ್ಲ. ನಿಮಗೆ ಹೇಳಿದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿರುತ್ತಾರೆ. ಮೌನವನ್ನು ನೀವೇ ತುಂಬಿಸಲು ಹೋಗಬೇಡಿ, ಆದರೆ ಸಿಕ್ಕ ಒಂದು ಸಣ್ಣ ದೂರನ್ನು ಮುಂದಿನ ಭೇಟಿಯೊಳಗೆ ಬಗೆಹರಿಸಿ, ಇಲ್ಲವೇ ಏಕೆ ಆಗಲಿಲ್ಲ ಎಂದು ಬಂದು ಹೇಳಿ. ಅದಾದ ಮೇಲೆ ಬಾಯಿ ತಾನಾಗಿ ಬಿಚ್ಚುತ್ತದೆ. ಮಾತಾಡಿದ್ದನ್ನು ಎರಡು ಸಾಲು ಬರೆದಿಡುವುದು ಇದಕ್ಕೇ. ಇನ್ನೊಂದು ಮಾತು: 'ಇವತ್ತು ಕ್ಯಾನ್ಸಲ್ ಮಾಡೋಣ' ಎಂದು ನೀವು ಪದೇಪದೇ ಹೇಳಿದರೆ, ನಿಮ್ಮ ಪಟ್ಟಿಯಲ್ಲಿ ತಮ್ಮ ಜಾಗ ಎಲ್ಲಿದೆ ಎಂದು ಅವರಿಗೆ ಗೊತ್ತಾಗುತ್ತದೆ. ತುರ್ತು ಬಂದರೆ ಮುಂದೂಡಿ, ರದ್ದು ಮಾಡಬೇಡಿ.

'ಆಗುತ್ತೆ ಸರ್' ಎಂಬ ಉತ್ತರದ ಒಳಗೆ

ಆಗದ ಕೆಲಸಕ್ಕೂ 'ಆಗುತ್ತೆ ಸರ್' ಎನ್ನುವುದು ನಮ್ಮ ಆಫೀಸುಗಳಲ್ಲಿ ಹಳೆಯ ರೂಢಿ. ಹಿರಿಯರ ಎದುರು ಇಲ್ಲ ಎನ್ನಬಾರದು ಎಂದು ಬೆಳೆದುಬಂದ ಅಭ್ಯಾಸವೂ ಇದರಲ್ಲಿ ಸೇರಿದೆ. ಪರಿಣಾಮ, ಕೆಟ್ಟ ಸುದ್ದಿ ಡೆಡ್‌ಲೈನಿನ ಹಿಂದಿನ ರಾತ್ರಿ ಹೊರಬೀಳುತ್ತದೆ.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂಬುದು ನಿರೀಕ್ಷೆ. ಅಂಕಿಅಂಶ ತಿರುಗುಮುರುಗಾಗಿತ್ತು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕೆದಕಿ ನೋಡಿದಾಗ ಸಿಕ್ಕ ಕಾರಣ: ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೇಳಿಕೊಳ್ಳುತ್ತಿದ್ದವು. ಬೇರೆ ಕಡೆ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಹೀಗೆ ತಪ್ಪು, ಅನುಮಾನ, ಭಿನ್ನಾಭಿಪ್ರಾಯಗಳನ್ನು ಹೇಳಿದರೆ ಅವಮಾನವಾಗುವುದಿಲ್ಲ, ಶಿಕ್ಷೆಯಾಗುವುದಿಲ್ಲ ಎಂದು ತಂಡದವರಿಗಿರುವ ನಂಬಿಕೆಯನ್ನು ಅವರು 'ಮಾನಸಿಕ ಸುರಕ್ಷತೆ' ಎಂದು ಕರೆದರು. 1999ರಲ್ಲಿ ಒಂದು ತಯಾರಿಕಾ ಕಂಪನಿಯ 51 ತಂಡಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಈ ನಂಬಿಕೆ ಇದ್ದ ತಂಡಗಳು ಹೆಚ್ಚು ಕಲಿಯುತ್ತವೆ ಎಂದು ತೋರಿಸಿದರು. 2012ರಲ್ಲಿ ಗೂಗಲ್ 180 ತಂಡಗಳನ್ನು ಇಟ್ಟುಕೊಂಡು ಶುರುಮಾಡಿದ ಮತ್ತೊಂದು ಅಧ್ಯಯನದಲ್ಲೂ ಒಳ್ಳೆಯ ತಂಡಗಳ ಗುಣಗಳಲ್ಲಿ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು.

ಇದನ್ನು ಸಲಿಗೆ ಎಂದುಕೊಳ್ಳಬಾರದು. ಕೆಲಸದ ಮಟ್ಟ ಇಳಿಸಿ, ಎಲ್ಲರನ್ನೂ ಖುಷಿಯಾಗಿಡಿ ಎಂದು ಯಾರೂ ಹೇಳುತ್ತಿಲ್ಲ. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಂಪನಿಯ ಉತ್ಪಾದನಾ ಪದ್ಧತಿಯಲ್ಲಿ 'ಆಂಡಾನ್' ಎಂಬ ವ್ಯವಸ್ಥೆಯಿದೆ. ಜೋಡಣೆಯ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷ ಕಂಡರೆ ಹಗ್ಗ ಎಳೆಯಬಹುದು ಅಥವಾ ಗುಂಡಿ ಒತ್ತಬಹುದು. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾರೆ. ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಹಗ್ಗ ಎಳೆದವನಿಗೆ ಬೈಗುಳ ಸಿಗುವ ಕಾರ್ಖಾನೆಯಲ್ಲಿ ಆ ಹಗ್ಗವನ್ನು ಯಾರೂ ಎಳೆಯುವುದಿಲ್ಲ. ಗುಣಮಟ್ಟದ ಬಗ್ಗೆ ಅಷ್ಟು ಬಿಗಿಯಾಗಿರುವುದರಿಂದಲೇ ಅಲ್ಲಿ ಬಾಯಿಬಿಡುವ ಸ್ವಾತಂತ್ರ್ಯ ಬೇಕಾಗಿದೆ.

ತಂಡದಲ್ಲಿ ಈ ನಂಬಿಕೆ ಹುಟ್ಟುವುದೋ ಸಾಯುವುದೋ ಮ್ಯಾನೇಜರ್ ಕೆಟ್ಟ ಸುದ್ದಿ ಕೇಳಿದ ತಕ್ಷಣದ ಮೊದಲ ವಾಕ್ಯದಲ್ಲಿ. 'ಯಾರು ಮಾಡಿದ್ದು?' ಎಂಬ ಪ್ರಶ್ನೆ ಬಂದರೆ ಮುಂದಿನ ಸಲ ಸುದ್ದಿ ಬರುವುದಿಲ್ಲ. 'ಈಗ ಎಲ್ಲಿವರೆಗೆ ಹೋಗಿದೆ? ಯಾರಿಗೆಲ್ಲ ತಿಳಿಸಬೇಕು?' ಎಂಬುದು ಅದೇ ಹೊತ್ತಿಗೆ ಕೇಳಬಹುದಾದ ಇನ್ನೊಂದು ಪ್ರಶ್ನೆ. ಯಾರು, ಏಕೆ ಎಂಬ ವಿಚಾರಣೆ ನಾಳೆ ಬೆಳಿಗ್ಗೆ ಶಾಂತವಾಗಿ ನಡೆಯಬಹುದು, ನಡೆಯಲೂ ಬೇಕು. ಹಾಗೆಯೇ 'ಶುಕ್ರವಾರಕ್ಕೆ ಆಗುತ್ತಾ?' ಎನ್ನುವ ಬದಲು 'ಶುಕ್ರವಾರಕ್ಕೆ ಆಗಬೇಕೆಂದರೆ ಯಾವ ಕೆಲಸ ಪಕ್ಕಕ್ಕಿಡಬೇಕಾಗುತ್ತೆ?' ಎಂದು ಕೇಳಿದರೆ 'ಇಲ್ಲ' ಎನ್ನದೆಯೇ ನಿಜ ಹೇಳಲು ಅವರಿಗೊಂದು ದಾರಿ ಸಿಗುತ್ತದೆ.

ಫೀಡ್‌ಬ್ಯಾಕ್: ಮನುಷ್ಯನಿಗಲ್ಲ, ಕೆಲಸಕ್ಕೆ

ಫೀಡ್‌ಬ್ಯಾಕ್ ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ಇದೆ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೋ ಡೆನಿಸಿ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಬೇರೆಯೇ ಹೇಳುತ್ತದೆ. ಸರಾಸರಿ ನೋಡಿದರೆ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸುತ್ತದೆ, ನಿಜ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಅದರಿಂದ ಕೆಲಸ ಇನ್ನೂ ಹದಗೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ಮನುಷ್ಯನ ಕಡೆಗೆ ಗಮನ ತಿರುಗಿಸಿದಷ್ಟೂ ಉಪಯೋಗ ಕಡಿಮೆ ಎಂಬುದು ಅವರು ಕೊಟ್ಟ ವಿವರಣೆ.

'ನಿಮಗೆ ಜವಾಬ್ದಾರಿನೇ ಇಲ್ಲ' ಎಂದರೆ ಎದುರಿಗಿರುವವರು ತಮಗೆ ಜವಾಬ್ದಾರಿ ಇದೆ ಎಂದು ಸಾಬೀತು ಮಾಡಲು ಮನಸ್ಸಿನಲ್ಲೇ ಪಟ್ಟಿ ಮಾಡತೊಡಗುತ್ತಾರೆ. ಆಮೇಲೆ ನೀವು ಏನು ಹೇಳಿದರೂ ಒಳಗೆ ಹೋಗುವುದಿಲ್ಲ. ಅದನ್ನೇ ಹೀಗೆ ಹೇಳಬಹುದು: "ಮಂಗಳವಾರದ ಕ್ಲೈಂಟ್ ಕಾಲ್‌ಗೆ ನೀವು ಹತ್ತು ನಿಮಿಷ ತಡವಾಗಿ ಬಂದ್ರಿ. ಅಷ್ಟರಲ್ಲಿ ಬಜೆಟ್ ಪ್ರಶ್ನೆ ಬಂತು, ಉತ್ತರ ನಿಮ್ಮ ಹತ್ರ ಇತ್ತು. ಅವರು ಆ ವಿಷಯನ ಮುಂದಿನ ವಾರಕ್ಕೆ ಹಾಕಿದ್ರು. ಏನಾಯ್ತು ಅವತ್ತು?" ಇದರಲ್ಲಿ ನಡೆದದ್ದು ಇದೆ, ಅದರ ಪರಿಣಾಮ ಇದೆ, ಕೊನೆಗೊಂದು ನಿಜವಾದ ಪ್ರಶ್ನೆ ಇದೆ. ಉತ್ತರ 'ಮಗೂಗೆ ಹುಷಾರಿರಲಿಲ್ಲ' ಎಂದಿರಬಹುದು, 'ಇನ್ವೈಟ್‌ನಲ್ಲಿ ಟೈಮ್ ತಪ್ಪಾಗಿತ್ತು' ಎಂದಿರಬಹುದು. ಎರಡಕ್ಕೂ ಪರಿಹಾರ ಬೇರೆ.

ಹೊಗಳಿಕೆಗೂ ಇದೇ ಲೆಕ್ಕ. 'ಸೂಪರ್, ಕೀಪ್ ಇಟ್ ಅಪ್' ಎಂದರೆ ಯಾವುದನ್ನು ಮುಂದುವರಿಸಬೇಕು ಎಂದು ಕೇಳಿದವರಿಗೆ ಗೊತ್ತಾಗುವುದಿಲ್ಲ. 'ಆ ಮೇಲ್‌ನಲ್ಲಿ ಮೊದಲ ಸಾಲಲ್ಲೇ ವಿಷಯ ಹೇಳಿದ್ದಕ್ಕೆ ಅವರು ಹತ್ತು ನಿಮಿಷದಲ್ಲಿ ಒಪ್ಪಿಗೆ ಕೊಟ್ರು' ಎಂದರೆ ಗೊತ್ತಾಗುತ್ತದೆ. ತಪ್ಪನ್ನು ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಬಾರದು ಎಂಬುದನ್ನು ವಿವರಿಸುವ ಅಗತ್ಯವೇ ಇರಬಾರದಿತ್ತು, ಆದರೂ ದಿನಾ ನಡೆಯುತ್ತದೆ.

ಕೆಲಸ ಹಂಚುವುದೆಂದರೆ ಕೈ ತೊಳೆದುಕೊಳ್ಳುವುದಲ್ಲ

ಡೆಲಿಗೇಶನ್ ಎಂದರೆ ಕೆಲಸವನ್ನೂ ಅದಕ್ಕೆ ಬೇಕಾದ ತೀರ್ಮಾನದ ಅಧಿಕಾರವನ್ನೂ ಒಟ್ಟಿಗೆ ಕೊಡುವುದು. ಕೆಲಸ ಮಾತ್ರ ಕೊಟ್ಟು ಪ್ರತಿ ಹೆಜ್ಜೆಗೂ ಕೇಳು ಎಂದರೆ ಅದು ಮೈಕ್ರೋಮ್ಯಾನೇಜ್‌ಮೆಂಟ್. ಏನೂ ಹೇಳದೆ ಕೊಟ್ಟು ಕೊನೆಯ ದಿನ ಬಂದು ನೋಡಿದರೆ ಅದು ತಳ್ಳಿಹಾಕುವುದು. ಎರಡೂ ಒಂದೇ ತಪ್ಪಿನಿಂದ ಬರುತ್ತವೆ: ಏನು ಬೇಕು, ಯಾವುದರವರೆಗೆ ಸ್ವಂತ ತೀರ್ಮಾನ, ಎಲ್ಲಿ ಬಂದು ಕೇಳಬೇಕು ಎಂಬುದನ್ನು ಮೊದಲೇ ಮಾತಾಡದಿರುವುದು.

'ವೆಂಡರ್ ವಿಷಯ ಸ್ವಲ್ಪ ನೋಡ್ಕೊಳಿ' ಎಂಬುದು ಹಂಚಿಕೆಯಲ್ಲ. 'ಮೂರು ವೆಂಡರ್‌ಗಳಿಂದ ಕೊಟೇಶನ್ ತರಿಸಿ, ಒಬ್ಬರನ್ನು ಆರಿಸಿ. 50,000 ರೂಪಾಯಿಯೊಳಗಿದ್ದರೆ ನೀವೇ ಅಂತಿಮ ಮಾಡಿ, ದಾಟಿದರೆ ನನಗೆ ಹೇಳಿ. ಬರುವ ಬುಧವಾರ ಎಲ್ಲಿವರೆಗೆ ಬಂತು ಅಂತ ಹತ್ತು ನಿಮಿಷ ಮಾತಾಡೋಣ' ಎಂಬುದು ಹಂಚಿಕೆ. ಅವರು ಆರಿಸಿದ ವೆಂಡರ್ ನೀವು ಆರಿಸುತ್ತಿದ್ದವರಲ್ಲದಿರಬಹುದು. ಕೆಲಸ ನಡೆಯುವಂತಿದ್ದರೆ ಬಿಟ್ಟುಬಿಡಿ. 'ಕೊಡಿ ಇಲ್ಲಿ, ನಾನೇ ಮಾಡ್ತೀನಿ' ಎಂಬ ಮಾತು ಇವತ್ತಿನ ಅರ್ಧ ಗಂಟೆ ಉಳಿಸುತ್ತದೆ, ಆದರೆ ಆ ಕೆಲಸ ಮುಂದೆ ಪ್ರತಿ ಸಲವೂ ನಿಮ್ಮ ಮೇಜಿಗೇ ಬರುತ್ತದೆ.

ರೇಟಿಂಗ್, ಹೈಕ್ ಮತ್ತು ನಿಮ್ಮ ಕೈಯಲ್ಲಿಲ್ಲದ ಸಂಗತಿಗಳು

ಬೆಲ್ ಕರ್ವ್ ಎಂಬ ಪದ ಅಪ್ರೈಸಲ್ ಸಮಯದಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ಉದ್ಯೋಗಿಗಳಲ್ಲಿ ಇಷ್ಟು ಪಾಲು ಉತ್ತಮ, ಇಷ್ಟು ಪಾಲು ಸಾಧಾರಣ, ಇಷ್ಟು ಪಾಲು ಕಳಪೆ ಎಂದು ಮೊದಲೇ ಗೊತ್ತು ಮಾಡಿ, ಆ ಅಳತೆಗೆ ಜನರನ್ನು ಹೊಂದಿಸುವ ಪದ್ಧತಿ ಇದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ 20-70-10 ಎಂಬ ಅನುಪಾತದಿಂದ ಇದನ್ನು ಪ್ರಸಿದ್ಧಗೊಳಿಸಿದರು. ತಂಡದ ಎಲ್ಲರೂ ಚೆನ್ನಾಗಿ ಮಾಡಿದ್ದರೂ ಯಾರೋ ಒಬ್ಬರು ಕೆಳಗೆ ಬೀಳಲೇಬೇಕು ಎಂಬುದು ಇದರ ಮೇಲಿನ ಮುಖ್ಯ ದೂರು. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ಪದ್ಧತಿಯನ್ನು ಕೈಬಿಟ್ಟಿತು. ಆಮೇಲೆ ಬೇರೆ ಹಲವು ಕಂಪನಿಗಳೂ ಸಡಿಲಿಸಿವೆ, ಆದರೂ ಬಜೆಟ್ ಒಂದು ಮಿತಿಯಲ್ಲಿರುವಾಗ ಯಾವುದೋ ರೂಪದಲ್ಲಿ ಅದು ಹಿಂಬಾಗಿಲಿನಿಂದ ಬರುತ್ತದೆ.

ಮೊದಲ ಹಂತದ ಲೀಡ್ ಈ ಪದ್ಧತಿಯನ್ನು ಬದಲಿಸಲಾರರು. ಎರಡು ವಿಷಯ ಮಾತ್ರ ಅವರ ಕೈಯಲ್ಲಿವೆ. ಒಂದು, ಮಾರ್ಚ್‌ನಲ್ಲಿ ಯಾರಿಗೂ ಆಶ್ಚರ್ಯ ಆಗದಂತೆ ನೋಡಿಕೊಳ್ಳುವುದು. ರೇಟಿಂಗ್ ಕಡಿಮೆ ಬರುವ ಸೂಚನೆ ಇದ್ದರೆ ಅಕ್ಟೋಬರ್‌ನಲ್ಲೇ ಹೇಳಬೇಕು, ಸರಿಪಡಿಸಿಕೊಳ್ಳಲು ಹೊತ್ತಿರುವಾಗ. ತಿಂಗಳಿಗೊಮ್ಮೆ ಪ್ರತಿಯೊಬ್ಬರ ಬಗ್ಗೆ ನಾಲ್ಕು ಸಾಲು ಬರೆದಿಟ್ಟರೆ, ಕೊನೆಯ ಎರಡು ತಿಂಗಳ ನೆನಪಿನ ಮೇಲೆ ಇಡೀ ವರ್ಷವನ್ನು ಅಳೆಯುವ ತಪ್ಪೂ ತಪ್ಪುತ್ತದೆ.

ಎರಡನೆಯದು, ಹೈಕ್ ನಿರೀಕ್ಷೆಗಿಂತ ಕಡಿಮೆ ಬಂದಾಗ ಓಡಿಹೋಗದಿರುವುದು. ಭಾರತದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು ಮತ್ತು ಜೊತೆಗಾರರು ನಡೆಸಿದ ಒಂದು ಪ್ರಯೋಗ ಇಲ್ಲಿ ಉಪಯುಕ್ತ. ವೇತನ ಏರಿಕೆ ನಿರಾಸೆ ಮೂಡಿಸಿದ ಬೆನ್ನಲ್ಲೇ, ಚೀಟಿ ಎತ್ತಿದಂತೆ ಆರಿಸಿದ ಕೆಲವು ಕಾರ್ಮಿಕರನ್ನು ಹೆಸರು ಕೇಳದೆ ಮಾತಾಡಿಸಲಾಯಿತು: ಕೆಲಸದ ಪರಿಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗೆ ನಡೆಸಿಕೊಳ್ಳುತ್ತಾರೆ, ತೃಪ್ತಿ ಇದೆಯೇ? ಅಷ್ಟೇ. ಸಂಬಳ ಹೆಚ್ಚಾಗಲಿಲ್ಲ. ಆದರೂ ಹಾಗೆ ಮಾತಾಡಿಸಲಾದ ಕಾರ್ಮಿಕರಲ್ಲಿ ಕೆಲಸ ಬಿಡುವುದೂ ಗೈರುಹಾಜರಿಯೂ ಕಡಿಮೆಯಾದವು. ಹೆಚ್ಚು ನಿರಾಸೆಗೊಂಡವರಲ್ಲೇ ಈ ಪರಿಣಾಮ ಎದ್ದು ಕಂಡಿತು. ಕೇಳಿಸಿಕೊಳ್ಳುವುದು ಸಂಬಳಕ್ಕೆ ಬದಲಿ ಎಂದು ಇದನ್ನು ಓದಿಕೊಳ್ಳುವ ಮಾಲೀಕರು ಇರುತ್ತಾರೆ, ಅಧ್ಯಯನ ಹಾಗೆ ಹೇಳಿಲ್ಲ.

ದಣಿವು ಯಾವಾಗ ಬರ್ನ್‌ಔಟ್ ಆಗುತ್ತದೆ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ತನ್ನ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ವಿವರಿಸಿತು. ಅದನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡ ಇದಕ್ಕೆ ಮೂಲ. ಲಕ್ಷಣ ಮೂರು: ಶಕ್ತಿ ಬಸಿದುಹೋದಂತಾಗುವುದು, ಕೆಲಸದ ಮೇಲೆ ಜಿಗುಪ್ಸೆ ಅಥವಾ ದೂರ ಸರಿದ ಭಾವ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ. ಬರೀ ದಣಿವು ಎರಡು ದಿನದ ರಜೆಯಲ್ಲಿ ಹೋಗುತ್ತದೆ. ಇದು ಹೋಗುವುದಿಲ್ಲ, ಏಕೆಂದರೆ ರಜೆ ಮುಗಿಸಿ ಬಂದಾಗ ಕಾರಣ ಅಲ್ಲೇ ಕೂತಿರುತ್ತದೆ.

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೋಸಿಸ್ ಸ್ಥಾಪಕ ನಾರಾಯಣ ಮೂರ್ತಿ 2023ರಲ್ಲಿ ಹೇಳಿದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. ಆ ಚರ್ಚೆಯಲ್ಲಿ ಕಡಿಮೆ ಕೇಳಿಬಂದ ಅಂಕಿ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಔಟರ್ ರಿಂಗ್ ರೋಡಿನಲ್ಲಿ ಕಳೆಯುವ ಗಂಟೆಗಳು ಈ ಲೆಕ್ಕದಲ್ಲಿ ಸೇರಿಲ್ಲ.

ಮ್ಯಾನೇಜರ್ ವೈದ್ಯರಲ್ಲ, ಯಾರಿಗೂ ರೋಗದ ಹೆಸರು ಹಚ್ಚಬಾರದು. ಕಣ್ಣಿಗೆ ಕಾಣುವ ಬದಲಾವಣೆಯನ್ನು ಮಾತ್ರ ಹೇಳಬಹುದು: 'ಮೊದಲು ಮೀಟಿಂಗಲ್ಲಿ ನೀವೇ ಜಾಸ್ತಿ ಮಾತಾಡ್ತಿದ್ರಿ, ಈಗ ಮೂರು ವಾರದಿಂದ ಸುಮ್ಮನಿದ್ದೀರಿ. ಎಲ್ಲ ಸರಿ ಇದೆಯಾ?' ಆಮೇಲೆ ಮಾಡಬೇಕಾದ್ದು ಕೆಲಸದ ಭಾರವನ್ನು ನೋಡುವುದು. ಕೈಯಲ್ಲಿ ಐದು ಕೆಲಸ ಇದ್ದರೆ ಯಾವ ಎರಡು ಈ ತಿಂಗಳು ಆಗದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸುವ ಅಧಿಕಾರ ನಿಮ್ಮದು, ಅವರದಲ್ಲ. ರಾತ್ರಿ ಹನ್ನೊಂದಕ್ಕೆ ನೆನಪಾದ ವಿಷಯವನ್ನು ಬರೆದಿಟ್ಟು ಬೆಳಿಗ್ಗೆ ಒಂಬತ್ತಕ್ಕೆ ಹೋಗುವಂತೆ ಶೆಡ್ಯೂಲ್ ಮಾಡಬಹುದು. 'ಅರ್ಜೆಂಟಿಲ್ಲ, ನಾಳೆ ನೋಡಿ' ಎಂದು ಬರೆದು ಕಳಿಸಿದರೂ ಬಾಸ್‌ನ ಮೆಸೇಜ್ ಬಾಸ್‌ನ ಮೆಸೇಜೇ.

ವಿಷಯ ಕೆಲಸವನ್ನು ಮೀರಿದ್ದು ಅನ್ನಿಸಿದರೆ ದಾರಿ ತೋರಿಸಿ. ಕಂಪನಿಯ ಆಪ್ತಸಲಹೆ ಸೇವೆ ಇದ್ದರೆ ಅದರ ವಿವರ ಕೊಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಬಿಂದು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅವರು ನಿಮಗೆ ಹೇಳಿದ್ದನ್ನು ತಂಡದಲ್ಲಿ ಬೇರೆ ಯಾರಿಗೂ ಹೇಳಬೇಡಿ, ಕಾಳಜಿಯಿಂದಲೂ ಹೇಳಬೇಡಿ.

ನಿಮ್ಮ ವಿವೇಚನೆಗೆ ಬಿಡದ ವಿಷಯಗಳು

ಕೆಲವು ಕಡೆ ಮ್ಯಾನೇಜರ್ ಒಳ್ಳೆಯತನ ತೋರಿಸುವ ಪ್ರಶ್ನೆಯೇ ಬರುವುದಿಲ್ಲ, ಕಾನೂನು ಇದೆ.

ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. 2017ರ ತಿದ್ದುಪಡಿ ತಂದ ಈ ಅವಧಿ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೇ ಉಳಿದಿದೆ. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಇವೆಲ್ಲ ಎಚ್‌ಆರ್ ನೋಡಿಕೊಳ್ಳುವ ವಿಷಯ ಎಂದುಕೊಂಡರೂ, ವಾಪಸ್ ಬಂದವರಿಗೆ ಯಾವ ಕೆಲಸ ಸಿಗುತ್ತದೆ ಎಂಬುದು ಲೀಡ್ ಕೈಯಲ್ಲೇ ಇರುತ್ತದೆ. 'ಪಾಪ, ಮಗು ಸಣ್ಣದು' ಎಂದು ಕೇಳದೆಯೇ ಮುಖ್ಯ ಕೆಲಸಗಳಿಂದ ಹೊರಗಿಡುವುದು ಕರುಣೆಯಂತೆ ಕಾಣುತ್ತದೆ, ಮುಂದಿನ ಅಪ್ರೈಸಲ್‌ನಲ್ಲಿ ಅದೇ ಅವರಿಗೆ ತಿರುಗಿ ಹೊಡೆಯುತ್ತದೆ. ಎಷ್ಟು ಕೆಲಸ, ಯಾವ ಕೆಲಸ ಎಂದು ಅವರನ್ನೇ ಕೇಳಬೇಕು. ಕರ್ನಾಟಕ ಸರ್ಕಾರ 2025ರಲ್ಲಿ ತಿಂಗಳಿಗೊಂದು ದಿನದ ವೇತನ ಸಹಿತ ಮುಟ್ಟಿನ ರಜೆಯ ನೀತಿಗೂ ಒಪ್ಪಿಗೆ ಕೊಟ್ಟಿದೆ. ನಿಮ್ಮಲ್ಲಿ ಅದು ಹೇಗೆ ಜಾರಿಯಲ್ಲಿದೆ ಎಂದು ಎಚ್‌ಆರ್ ಬಳಿ ತಿಳಿದುಕೊಂಡಿರಿ, ಕೇಳಿದವರ ಮುಖ ನೋಡಿ ತಡವರಿಸುವಂತಾಗಬಾರದು.

ಲೈಂಗಿಕ ಕಿರುಕುಳದ ದೂರು ಇನ್ನೂ ಸೂಕ್ಷ್ಮ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನರಿರುವ ಪ್ರತಿ ಕೆಲಸದ ಸ್ಥಳದಲ್ಲೂ ಆಂತರಿಕ ಸಮಿತಿ ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬಹುದು, ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ತಂಡದ ಹುಡುಗಿಯೊಬ್ಬಳು ನಿಮ್ಮ ಬಳಿ ಬಂದು ಹೇಳಿಕೊಂಡರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ, ಎಷ್ಟೇ ಸದುದ್ದೇಶವಿದ್ದರೂ. ವಿಚಾರಣೆ ಮಾಡುವ ಅಧಿಕಾರ ನಿಮಗಿಲ್ಲ. ಪೂರ್ತಿ ಕೇಳಿಸಿಕೊಳ್ಳಿ, ಸಮಿತಿಯಲ್ಲಿ ಯಾರಿದ್ದಾರೆ, ದೂರು ಕೊಡುವುದು ಹೇಗೆ ಎಂದು ತಿಳಿಸಿ, ಬರೆಯಲು ನೆರವು ಬೇಕೇ ಎಂದು ಕೇಳಿ. ದೂರುದಾರರ ಹೆಸರು ಗುಟ್ಟಾಗಿಡುವುದು ಕಾಯ್ದೆಯ ಪ್ರಕಾರವೇ ಕಡ್ಡಾಯ.

ಪೇಪರ್ ಹಾಕಿದಾಗ

ಇಷ್ಟೆಲ್ಲ ಮಾಡಿದರೂ ಒಂದು ದಿನ ಒಳ್ಳೆಯ ಕೆಲಸಗಾರರೊಬ್ಬರು ರಾಜೀನಾಮೆಯ ವಿಷಯ ಹೇಳಲು ಬಂದು 'ಐದು ನಿಮಿಷ ಮಾತಾಡ್ಬೇಕಿತ್ತು' ಎನ್ನುತ್ತಾರೆ. ಆ ಐದು ನಿಮಿಷದಲ್ಲಿ ಹೊಸ ಲೀಡ್‌ಗಳು ಮಾಡುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು: ಮುನಿಸಿಕೊಳ್ಳುವುದು, ಇಲ್ಲವೇ ಉಳಿದುಕೊಂಡರೆ ಹೆಚ್ಚು ಸಂಬಳ ಎಂಬ ಕೌಂಟರ್ ಆಫರ್ ಮಾತಾಡತೊಡಗುವುದು. ಮೊದಲು ಕಾರಣ ಕೇಳಿ. ಸಂಬಳವೇ ಕಾರಣವಾಗಿದ್ದರೆ ಮೇಲಿನವರ ಬಳಿ ಕೇಳುವ ದಾರಿಯಿದೆ. ಮೈಸೂರಿನಲ್ಲಿರುವ ಅಪ್ಪನನ್ನು ನೋಡಿಕೊಳ್ಳಬೇಕು ಎಂದಾದರೆ ಹಣದ ಮಾತಿನಿಂದ ಪ್ರಯೋಜನವಿಲ್ಲ, ಮನೆಯಿಂದ ಕೆಲಸ ಮಾಡುವ ಏರ್ಪಾಡು ಸಾಧ್ಯವೇ ಎಂದು ನೋಡಬೇಕು. ಕಾರಣ ನೀವೇ ಆಗಿದ್ದರೆ ಅವರು ಅದನ್ನು ನಿಮ್ಮ ಎದುರು ಹೇಳುವುದಿಲ್ಲ, ಹಾಗಾಗಿ ಎಚ್‌ಆರ್ ನಡೆಸುವ ಎಕ್ಸಿಟ್ ಸಂದರ್ಶನದಲ್ಲಿ ಬಂದ ಮಾತುಗಳ ಸಾರಾಂಶವನ್ನು ಕೇಳಿ ಪಡೆಯಿರಿ.

ತೀರ್ಮಾನ ಗಟ್ಟಿ ಎಂದಾದ ಮೇಲೆ ಉಳಿಯುವುದು ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ. ಹಲವು ಐಟಿ ಕಂಪನಿಗಳಲ್ಲಿ ಅದು 90 ದಿನದವರೆಗೂ ಇರುತ್ತದೆ. ಆ ದಿನಗಳಲ್ಲಿ ಅವರನ್ನು ಮೀಟಿಂಗುಗಳಿಂದ ಹೊರಗಿಟ್ಟು, ಮಾತು ಕಡಿಮೆ ಮಾಡುವ ರೂಢಿ ಕೆಲವು ಕಡೆ ಇದೆ. ಉಳಿದ ಏಳು ಜನ ಅದನ್ನೇ ನೋಡುತ್ತಿರುತ್ತಾರೆ. ಮೊದಲ ವಾರದಲ್ಲೇ ಅವರ ಕೈಯಲ್ಲಿರುವ ಕೆಲಸಗಳ ಪಟ್ಟಿ ಮಾಡಿ, ಯಾವುದು ಯಾರಿಗೆ ಹೋಗುತ್ತದೆ ಎಂದು ಗೊತ್ತು ಮಾಡಿ. ಕೆಲಸ ತೆಗೆದುಕೊಳ್ಳುವವರು ಕೊನೆಯ ಎರಡು ವಾರ ಅದನ್ನು ತಾವೇ ಮಾಡಲಿ, ಹೋಗುವವರು ಪಕ್ಕದಲ್ಲಿ ಕೂತು ನೋಡಲಿ. ದಾಖಲೆಯಲ್ಲಿ ಬರೆಯಲು ಮರೆತದ್ದೆಲ್ಲ ಆಗ ಹೊರಬರುತ್ತದೆ. ರಿಲೀವಿಂಗ್ ಲೆಟರ್, ಪಿಎಫ್ ವಿವರ, ಬಾಕಿ ಹಣದ ಲೆಕ್ಕ ಹೊತ್ತಿಗೆ ಸರಿಯಾಗಿ ಸಿಕ್ಕಿತೇ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಿ ವಿಚಾರಿಸುವುದೂ ನಿಮ್ಮ ಕೆಲಸದೊಳಗೇ ಬರುತ್ತದೆ.